ಉಪ್ಪಿನ ಮಾತು ಕೂತ ಜಾಗ

ಹೊಳೆಯ ದಂಡೆಯ ಒಂದು ಮಠದಲ್ಲಿ ಅಡಿವೆಯ್ಯನೆಂಬ ಶಿಷ್ಯನಿದ್ದ. ದಾಸೋಹಕ್ಕೆ ಬಂದವರನ್ನು ಸಾಲಾಗಿ ಕೂರಿಸಿ ಬಡಿಸುವುದು ಅವನ ಪಾಲಿನ ಸೇವೆ. ಉಂಡು ತೇಗಿದವರ ಮುಖ ನೋಡುವುದೆಂದರೆ ಅವನಿಗೆ ಹಬ್ಬ.

ಒಂದು ಮಧ್ಯಾಹ್ನ ದೂರದೂರಿನ ಪಾದಯಾತ್ರಿಗಳು ಬಿಸಿಲಲ್ಲಿ ಬಸವಳಿದು ಬಂದರು. ಅಂದು ಸಾರಿಗೆ ಉಪ್ಪಿರಲಿಲ್ಲ. ಪಲ್ಯಕ್ಕೂ ಇರಲಿಲ್ಲ.

ಯಾತ್ರಿಗಳು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು, ನಾಲ್ಕು ತುತ್ತು ಉಂಡು ಎದ್ದರು. ಹಸಿದವರು ಅರೆಹೊಟ್ಟೆಯಲ್ಲಿ ಏಳುವುದನ್ನು ನೋಡಿ ಅಡಿವೆಯ್ಯನಿಗೆ ತಡೆಯಲಾಗಲಿಲ್ಲ.

ಇದು ಮೊದಲ ಸಲವೂ ಅಲ್ಲ. ಹಬ್ಬಕ್ಕೆ ಬೇಕಾದ ಬೆಲ್ಲ ಹಬ್ಬ ಮುಗಿದ ಮೇಲೆ ಬಂದಿತ್ತು. ಪೇಟೆ ಇದ್ದದ್ದು ಆಚೆ ದಂಡೆಯಲ್ಲೇ. ಹರಿಗೋಲು ಹತ್ತಿದರೆ ಎಲೆ ಅಡಿಕೆ ಮೆಲ್ಲುವಷ್ಟರಲ್ಲಿ ಅಂಗಡಿ. ಆದರೂ ಮಠಕ್ಕೆ ಸಾಮಾನು ಬರುವಾಗ ಬಸವನ ಹುಳದ ನಡಿಗೆ.

ಅಡಿವೆಯ್ಯ ಕುದಿಯುತ್ತ ಗುರುಗಳ ಬಳಿ ಹೋದ. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಉಗ್ರಾಣ ನೋಡಿಕೊಳ್ಳುವ ಗುರುಸಿದ್ದಪ್ಪ ಸೋಮಾರಿ, ಅವನನ್ನು ಬಿಡಿಸಿ ಆ ಕೆಲಸ ತನಗೆ ಕೊಡಿ ಎಂದು ಕೇಳಿಕೊಂಡ.

ಅಜ್ಜಾರು ತುಳಸಿಗೆ ನೀರು ಹಾಕುತ್ತಿದ್ದರು. ಚೊಂಬು ಕೆಳಗಿಡಲಿಲ್ಲ.

"ಇನ್ನೊಮ್ಮೆ ಏನರೆ ಮುಗೀತು ಅಂದಾಗ, 'ಬೇಕು' ಅನ್ನೂ ಮಾತಿನ ಬೆನ್ನ ಹತ್ತು. ಅದು ನಡದರ ನೀನೂ ನಡಿ. ಅದು ಕೂತರ ನೀನೂ ಕೂಡು. ಯಾರಿಗೂ ಏನೂ ಅನಬ್ಯಾಡ."

ಹೆಚ್ಚು ದಿನ ಕಾಯಬೇಕಾಗಲಿಲ್ಲ. ನೆರೆಮನೆಯಿಂದ ಸಾಲ ತಂದಿದ್ದ ಉಪ್ಪೂ ತಳ ಕಂಡಿತು. ಅಡುಗೆಯ ಶಿವಗಂಗವ್ವ ಉಗ್ರಾಣದ ಬಾಗಿಲಿಗೆ ಬಂದು, ಉಪ್ಪು ಬೇಕು ಎಂದಳು. ಅಡಿವೆಯ್ಯ ಅವಳ ಹಿಂದೆಯೇ ಬಂದು, ಹೊಸ್ತಿಲ ಹತ್ತಿರ ಕೂತ.

ಗುರುಸಿದ್ದಪ್ಪ ಸೋಮಾರಿಯಾಗಿರಲಿಲ್ಲ. ಇಡೀ ದಿನ ಕಾಳು ಕೇರಿದ, ಹೆಗ್ಗಣದ ಬಿಲ ಮುಚ್ಚಿದ. ಉಪ್ಪಿನ ಸುದ್ದಿ ಮಾತ್ರ ಎತ್ತಲಿಲ್ಲ. ಉಪ್ಪೊಂದಕ್ಕೇ ಹಿರಿಯರಿಗೆ ತೊಂದರೆ ಕೊಡುವುದು ಹೇಗೆ, ಬೇಳೆಯೂ ಮುಗಿಯಲಿ, ಎರಡನ್ನೂ ಕೂಡಿಯೇ ಹೇಳೋಣ ಎಂಬುದು ಅವನ ಲೆಕ್ಕ.

ಬೇಳೆ ಮುಗಿಯಿತು. ಮಾತು ಎದ್ದು ಮಠದ ಹಿರಿಯರಾದ ಕಲ್ಲಯ್ಯನವರ ಕಟ್ಟೆಗೆ ಹೋಯಿತು. ಅಡಿವೆಯ್ಯನೂ ಹೋಗಿ ಕಟ್ಟೆಯ ಕೆಳಗೆ ಕೂತ.

ಕಲ್ಲಯ್ಯನವರು ಕೇಳಿಸಿಕೊಂಡರು, ತಲೆಯಾಡಿಸಿದರು. ಅಜ್ಜಾರ ಅಪ್ಪಣೆಯಿಲ್ಲದೆ ಒಂದು ಕಡ್ಡಿಯೂ ಹೊಳೆ ದಾಟಿ ಬರಬಾರದು ಎಂದರು. ಅಜ್ಜಾರು ಅಂದು ಮೌನ ಹಿಡಿದಿದ್ದರು. ಮರುದಿನ ಮೌನ ಮುಗಿದರೂ ಪೂಜೆ. ಪೂಜೆ ಆದರೂ ಭಕ್ತರು. ಕಲ್ಲಯ್ಯನವರು ಬಾಗಿಲವರೆಗೆ ಬರುವರು, ಇಣುಕುವರು, ಇಂಥ ಹೊತ್ತಿನಲ್ಲಿ ಉಪ್ಪು ಬೇಳೆಯ ಮಾತೇ ಎಂದು ಹಿಂದಕ್ಕೆ ಹೋಗುವರು.

ಮಾತು ಅಜ್ಜಾರ ಬಾಗಿಲಲ್ಲೇ ಬಂದು ಕೂತಿದೆ ಎಂಬುದು ಅಡಿವೆಯ್ಯನಿಗೆ ತಿಳಿದುಹೋಗಿತ್ತು. ಎದ್ದು ಹೋಗಿಬಿಡಲೇ ಎನಿಸಿತು. ಆದರೆ ಕೂತರೆ ಕೂಡು ಎಂದವರು ಅವರೇ. ಅವರ ಬಾಗಿಲಿಗೆ ಅಡ್ಡಲಾಗಿಯೇ ಕೂತ.

ಅಜ್ಜಾರು ಸ್ನಾನಕ್ಕೆಂದು ಹೊರಬಂದವರು ಅವನನ್ನು ಎಡವುವುದರಲ್ಲಿದ್ದರು.

"ಯಾಕೋ, ಇಲ್ಲಿ ಕೂತೀ?"

ಅಡಿವೆಯ್ಯ ತಲೆ ಎತ್ತಲಿಲ್ಲ. "ಮಾತು ಇಲ್ಲೇ ಕೂತೈತ್ರಿ, ಅಜ್ಜಾರ."

ಕಟ್ಟೆಯ ಮೇಲಿದ್ದ ಕಲ್ಲಯ್ಯನವರ ಮುಖ ಬಿಳಿಚಿತು. ಗುರುವಿಗೆ ಹೀಗೆ ಹೇಳಿದವನು ಆ ಮಠದಲ್ಲಿ ಹಿಂದೆ ಇರಲಿಲ್ಲ.

ಅಜ್ಜಾರು ಅಲ್ಲೇ ಹೊಸ್ತಿಲ ಮೇಲೆ, ಶಿಷ್ಯನ ಪಕ್ಕಕ್ಕೆ ಕೂತರು. ಉಪ್ಪು ತರಲು ತಮ್ಮನ್ನು ಕೇಳಬೇಕೆಂದು ಯಾರು ಹೇಳಿದರು ಎಂದು ಕಲ್ಲಯ್ಯನವರನ್ನು ವಿಚಾರಿಸಿದರು.

ಕಲ್ಲಯ್ಯನವರು ಕೈ ಮುಗಿದು ನೆನಪಿಸಿದರು. ಹಿಂದೊಮ್ಮೆ ಗುರುಸಿದ್ದಪ್ಪ ಹೊಸ ಅಂಗಡಿಯಿಂದ ಹುಣಸೆಹಣ್ಣು ತಂದಿದ್ದ. ಸಾರು ಬಾಯಿಗಿಟ್ಟ ಅಜ್ಜಾರು ತಟ್ಟನೆ ಕೈ ನಿಲ್ಲಿಸಿ, ಇದನ್ನು ತಂದವರು ಯಾರು, ಎಲ್ಲಿಂದ ತಂದರು ಎಂದಿದ್ದರು. ಪಂಕ್ತಿಗೆ ಪಂಕ್ತಿಯೇ ನಡುಗಿತ್ತು. ಅಂದಿನಿಂದ ಕೇಳದೆ ಏನನ್ನೂ ತಂದಿಲ್ಲ.

ಅಜ್ಜಾರು ಕಣ್ಣು ಮುಚ್ಚಿ ನೆನೆದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ನಗು ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಕಲ್ಲಯ್ಯಾರ, ಆ ಸಾರು ಅಮೃತ ಇದ್ದಂಗಿತ್ತು. ತಂದವ್ನ ಬೆನ್ನ ಚಪ್ಪರಿಸಬೇಕಂತ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ."

ಕಲ್ಲಯ್ಯನವರೂ ನಕ್ಕರು. ಸುದ್ದಿ ಉಗ್ರಾಣ ಮುಟ್ಟಿತು, ಅಡುಗೆಮನೆ ಮುಟ್ಟಿತು. ಶಿವಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಗುರುಸಿದ್ದಪ್ಪ ಓಡಿ ಬಂದು ಬೆನ್ನು ಒಡ್ಡಿ ನಿಂತ. ಅಜ್ಜಾರು ಅದನ್ನು ಚೆನ್ನಾಗಿಯೇ ಚಪ್ಪರಿಸಿದರು.

ಮುಂದೇನು ಮಾಡಬೇಕೆಂಬುದನ್ನು ಅವರು ಅಡಿವೆಯ್ಯನಿಗೇ ಬಿಟ್ಟರು. ಅವನು ಶಿವಗಂಗವ್ವನ ಜೊತೆಗೆ, ಗುರುಸಿದ್ದಪ್ಪನ ಜೊತೆಗೆ ಕೂತು ಯೋಚಿಸಿದ. ಒಂದೊಂದು ಸಾಮಾನಿಗೂ ಎರಡೆರಡು ಗಡಿಗೆ ಇಡುವುದೆಂದಾಯಿತು. ಒಂದು ಬರಿದಾದೊಡನೆ ಅಡುಗೆಯವಳು ಅದನ್ನು ತಾನೇ ಹರಿಗೋಲಿನಲ್ಲಿ ಇಡಿಸಬೇಕು. ಬರಿ ಗಡಿಗೆಯೇ ಪೇಟೆಯ ಅಂಗಡಿ ಶೆಟ್ಟರಿಗೆ ಮಾತು. ಅದು ತುಂಬಿ ಬರುವವರೆಗೆ ಇನ್ನೊಂದರಿಂದ ಅಡುಗೆ. ಬಂದದ್ದನ್ನು ನೋಡಿ ಇಳಿಸಿಕೊಳ್ಳುವುದು ಗುರುಸಿದ್ದಪ್ಪನ ಕೆಲಸ. ನಡುವೆ ಯಾರ ಅಪ್ಪಣೆಯೂ ಇಲ್ಲ.

ಕಲ್ಲಯ್ಯನವರಿಗೆ ಒಂದು ಅಳುಕು ಉಳಿದಿತ್ತು. ಕೇಳುವವರಿಲ್ಲವೆಂದರೆ ಬೇಕಾಬಿಟ್ಟಿ ತರಿಸಿಬಿಟ್ಟರೆ?

"ಗಡಿಗಿ ಹಿಡಿದಷ್ಟೇ ಬರತೈತ್ರಿ," ಎಂದ ಅಡಿವೆಯ್ಯ.

ಮೊದಲ ಗಡಿಗೆ ಬೆಳಗ್ಗೆ ಹೋಗಿ, ಬಿಸಿಲೇರುವುದರೊಳಗೆ ತುಂಬಿ ಬಂತು. ಶಿವಗಂಗವ್ವ ಅದಕ್ಕೆ ಕುಂಕುಮ ಹಚ್ಚಿ ಒಳಗೆ ತೆಗೆದುಕೊಂಡಳು.

ಆಮೇಲೆ ಮಠದಲ್ಲಿ ಸಾಮಾನಿಲ್ಲ ಎಂಬ ಮಾತು ಅಪರೂಪವಾಯಿತು. ಹೇಳದೆ ಕೇಳದೆ ಒಂದು ಮದುವೆಯ ದಿಬ್ಬಣವೇ ಬಂದಿಳಿದಾಗಲೂ ಒಲೆ ಹೆದರಲಿಲ್ಲ. ಮದುಮಗ ಎರಡನೆಯ ಸಲ ಸಾರು ಹಾಕಿಸಿಕೊಂಡ. ಅಡಿವೆಯ್ಯ ಸಾಲಿನಿಂದ ಸಾಲಿಗೆ ಕುಣಿದಂತೆ ಓಡಾಡಿದ. ಬಾಗಿಲು ಕಾಯುವ ಕೆಲಸ ತಪ್ಪಿದ ಕಲ್ಲಯ್ಯನವರು ಪಂಕ್ತಿಯಲ್ಲಿ ತಾವೇ ತುಪ್ಪ ಬಡಿಸತೊಡಗಿದರು. ಅವರ ಕೈ ಧಾರಾಳವೆಂದು ಹೆಸರಾಯಿತು.

ಹೀಗಿರಲು ಒಂದು ದಿನ ದೊಡ್ಡ ಪಟ್ಟಣದ ಶ್ರೀಮಂತನೊಬ್ಬ ಬಂದ. ಅಡುಗೆಮನೆ ತಿರುಗಿ ನೋಡಿದ, ಉಗ್ರಾಣ ನೋಡಿದ. ಎಲ್ಲ ತಾನಾಗಿಯೇ ನಡೆದಿತ್ತು. ಯಾರೂ ಯಾರಿಗೂ ಅಪ್ಪಣೆ ಕೊಡುತ್ತಿರಲಿಲ್ಲ. ಅವನಿಗೆ ಅದು ಸರಿಬರಲಿಲ್ಲ.

ಅಡಿವೆಯ್ಯ ಹೊಳೆಗೆ ಓಡಿದ. ಅಜ್ಜಾರು ಎದೆಮಟ್ಟದ ನೀರಿನಲ್ಲಿ ನಿಂತು, ಮಕ್ಕಳ ಹಾಗೆ ಎರಡೂ ಕೈಯಿಂದ ನೀರು ಚಿಮ್ಮಿಸಿಕೊಳ್ಳುತ್ತಿದ್ದರು.

"ಅಜ್ಜಾರ, ಹೊರಗ ಒಬ್ಬ ಸಾವ್ಕಾರ ಬಂದಾನ್ರಿ. ಈ ಮಠದಾಗ ಯಾರ ಮಾತು ನಡೀತೈತಿ ಅಂತ ಕೇಳಾಕತ್ತಾನ. ಏನ ಹೇಳಲಿ?"

ಅಜ್ಜಾರು ಮುಳುಗಿದರು. ಎದ್ದು, ಮುಖದ ನೀರು ಒರೆಸಿಕೊಂಡರು.

"ಹಸದಾನೇನು ಕೇಳು."