ಸೀಟಿನ ಪರಿಚಯವಿದ್ದ ಟಿಕೆಟ್ಟು

ಬಸ್ಸಿನ ಸೀಟು ಕಾಯ್ದಿರಿಸುವ ಕಂಪ್ಯೂಟರೊಂದರ ಮೆಮೊರಿಯಲ್ಲಿ ಬಸ್ಸು, ಸೀಟು, ಟಿಕೆಟ್ಟು ವಾಸವಾಗಿದ್ದವು. ಅಲ್ಲಿ ಯಾರನ್ನಾದರೂ ಮಾತಾಡಿಸಬೇಕಾದರೆ ಅವರ ವಿಳಾಸ ಕೈಯಲ್ಲಿರಬೇಕು. ಯಾರ ವಿಳಾಸ ಯಾರ ಬಳಿಯೂ ಉಳಿದಿಲ್ಲವೋ ಅವರನ್ನು ಪೊರಕೆ ಬಂದು ಗುಡಿಸಿಹಾಕುತ್ತಿತ್ತು.

ಒಂದು ದಿನ ಪ್ರಯಾಣಿಕ ಪ್ರಯಾಣ ರದ್ದು ಮಾಡಿದ. ಬಸ್ಸು ತನ್ನಲ್ಲಿದ್ದ ಟಿಕೆಟ್ಟಿನ ವಿಳಾಸವನ್ನು ಅಳಿಸಿ, "ಹೊಸಬರು ಬರುತ್ತಾರೆ, ನೀನೂ ಅಳಿಸು" ಎಂದು ಸೀಟಿಗೆ ಹೇಳಿತು. ಸೀಟು ಮರುಮಾತಾಡದೆ ಅಳಿಸಿತು. ಟಿಕೆಟ್ಟಿಗೆ ಇದರ ಸುಳಿವೇ ಇರಲಿಲ್ಲ.

ಪೊರಕೆಯ ಸದ್ದು ಹತ್ತಿರವಾಯಿತು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಕಾಣೆಯಾದರು. ಟಿಕೆಟ್ಟು ತನ್ನಲ್ಲಿದ್ದ ಸೀಟಿನ ವಿಳಾಸವನ್ನು ಎತ್ತಿ ಹಿಡಿದು ಗದರಿತು: "ಅಲ್ಲೇ ನಿಲ್ಲು! ನನ್ನನ್ನು ಯಾರೆಂದುಕೊಂಡೆ? ಮುಂದಿನ ಸಾಲಿನ ಕಿಟಕಿ ಸೀಟು ನನಗೆ ತುಂಬಾ ಬೇಕಾದವರು. ಈಗಲೇ ಕರೆಯಲೇ?"

"ಕರೆಯಿರಿ," ಎಂದಿತು ಪೊರಕೆ.

ಟಿಕೆಟ್ಟು ಕರೆಯಿತು. ಸೀಟು ತಕ್ಷಣ ಓಗೊಟ್ಟಿತು: "ಹೇಳಿ, ಯಾರು ಮಾತಾಡೋದು?"

"ಅವರು ನಿಮಗೆ ಗೊತ್ತು, ಒಪ್ಪಿದೆ," ಎಂದಿತು ಪೊರಕೆ. "ನೀವು ಯಾರಿಗೆ ಗೊತ್ತು?"

ಸೀಟಿನ ವಿಳಾಸ ಇನ್ನೂ ಟಿಕೆಟ್ಟಿನ ಮುಷ್ಟಿಯಲ್ಲೇ ಇತ್ತು. ಪೊರಕೆ ಟಿಕೆಟ್ಟನ್ನೂ ವಿಳಾಸವನ್ನೂ ಒಟ್ಟಿಗೇ ಗುಡಿಸಿತು.