ಅರ್ಧಕ್ಕೆ ನಿಂತ ಡಿಕ್ಟೇಷನ್

ಹೊಳೆದಂಡೆಯ ಒಂದು ಆಶ್ರಮದಲ್ಲಿ ಅಡವೆಯ್ಯ ಎಂಬ ಗುರುಗಳಿದ್ದರು. ಕಾವಿ ಉಡುವ ಮುಂಚೆ ಮೂವತ್ತು ವರ್ಷ ಇಂಗ್ಲಿಷ್ ಶೀಘ್ರಲಿಪಿ ಕಲಿಸಿದವರು. ಉಟ್ಟ ಮೇಲೂ ಆ ವಿದ್ಯೆ ಬಿಡಲಿಲ್ಲ. ಕೇಳಿಕೊಂಡು ಬಂದವರನ್ನು ಜಗುಲಿಯ ಮೇಲೆ ಕೂರಿಸಿ ಹೇಳಿಕೊಡುತ್ತಿದ್ದರು.

ಅವರ ಶಿಷ್ಯೆ ಶಿವಲೀಲೆಗೆ ಮರುದಿನ ಪರೀಕ್ಷೆ. ಕೋರ್ಟಿನ ಸ್ಟೆನೋ ಕೆಲಸಕ್ಕೆ ಎರಡು ಸಲ ಕೂತು ಎರಡು ಸಲವೂ ಫೇಲಾಗಿದ್ದಳು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ, ಮತ್ತೆ ಅರ್ಜಿ ಹಾಕುವಂತಿಲ್ಲ. ಪಾಪ, ಬೆಳಗಿನಿಂದ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು.

ಅವಳ ತಲೆ ತಿಂದದ್ದು ಕಿವಿಗೆ ಒಂದೇ ಥರ ಕೇಳುವ ಪದಗಳು. ಸನ್ ಅಂದರೆ ಸೂರ್ಯನೂ ಹೌದು, ಮಗನೂ ಹೌದು. ಸ್ಪೆಲಿಂಗ್ ಬೇರೆ, ಅರ್ಥ ಬೇರೆ. ಶೀಘ್ರಲಿಪಿಯಲ್ಲಿ ಬರೆಯುವುದು ಬರೀ ಸದ್ದನ್ನು, ಹಾಗಾಗಿ ಎರಡಕ್ಕೂ ಒಂದೇ ಗೆರೆ. ಯಾವುದೆಂದು ತೀರ್ಮಾನಿಸುವುದು ಆಮೇಲೆ, ಟೈಪ್ ಮಾಡುವಾಗ.

ಅಲ್ಲಿಯವರೆಗೆ ಕಾಯುವ ತಾಳ್ಮೆ ಶಿವಲೀಲೆಗೆಲ್ಲಿ? ಪದ ಕೇಳಿದ ಕೂಡಲೇ ಮಗನೋ ಸೂರ್ಯನೋ ಎಂದು ಯೋಚಿಸಿ, ಗೆರೆಯ ಪಕ್ಕ ಗುರುತು ಹಾಕುವಳು. ಅಷ್ಟರಲ್ಲಿ ಓದಿ ಬರೆಸುವವರು ನಾಲ್ಕು ಪದ ಮುಂದೆ ಹೋಗಿರುತ್ತಿದ್ದರು.

ಈ ಸಲ ಅಂಥ ಪದಗಳ ಇನ್ನೂರು ಜೋಡಿ ಪಟ್ಟಿ ಮಾಡಿಕೊಂಡಿದ್ದಳು. ಕಸ ಗುಡಿಸುವಾಗ ಅದೇ ಜಪ, ಪೂಜೆಯ ಹೊತ್ತಿಗೂ ಅದೇ ಜಪ. ಪಟ್ಟಿ ಹಿಡಿದು ಬಂದು, ಒಂದೊಂದೇ ಕೇಳಿ ನೋಡಿ ಎಂದು ಗುರುಗಳಿಗೆ ದುಂಬಾಲು ಬಿದ್ದಳು.

ಅವರು ಪಟ್ಟಿಯನ್ನು ನೋಡಲೂ ಇಲ್ಲ. ಅವಳು ಹಿಂದಿನ ದಿನ ಬರೆದ ಪುಟ ತೆಗೆದು, ಒಂದು ಗೆರೆಯ ಮೇಲೆ ಬೆರಳಿಟ್ಟರು.

“ಇದು ಏನು?”

“ಎರಡು ಪದ ಆಗುತ್ತೆ ಗುರುಗಳೇ. ಅದೇ ತೊಂದರೆ.”

“ಗೆರೆಗೇನೂ ತೊಂದರೆ ಇದ್ದಂತೆ ಕಾಣುವುದಿಲ್ಲ” ಎಂದರು ಅಡವೆಯ್ಯ.

ಆಮೇಲೆ ಡಿಕ್ಟೇಷನ್ ಶುರು ಮಾಡಿದರು. ಯಾರೋ ಯಾರಿಗೋ ಬರೆದ ಪತ್ರ. ಎರಡು ಸಾಲು ಹೇಳಿ, ಮೂರನೆಯದರ ನಡುವೆ ಬ್ರೇಕ್ ಎಂಬ ಪದ ಹೇಳಿದವರೇ ಬಾಯಿ ಮುಚ್ಚಿದರು. ಪಕ್ಕದ ಮೊರ ಎಳೆದುಕೊಂಡು ತೊಗರಿಬೇಳೆಯ ಕಲ್ಲು ಆರಿಸತೊಡಗಿದರು.

ಶಿವಲೀಲೆ ಕಾದಳು. ಮುರಿಯುವುದೋ, ಗಾಡಿಯ ಬ್ರೇಕೋ ಎಂದು ಕೇಳಿದಳು. ಗುರುಗಳು ಇನ್ನೊಂದು ಕಲ್ಲು ಆರಿಸಿ ಬದಿಗಿಟ್ಟರು. ಮುರಿಯುವುದು ಎಂದು ಗುರುತು ಹಾಕಿದಳು. ಅಳಿಸಿ, ಗಾಡಿಯದು ಎಂದು ಹಾಕಿದಳು. ಮತ್ತೆ ಅಳಿಸುವಾಗ ಕಾಗದ ಹರಿಯಿತು. ಮೊರದಲ್ಲಿ ಇನ್ನೂ ಅರ್ಧ ಬೇಳೆ ಬಾಕಿ ಇತ್ತು.

ಅವಳಿಗೆ ರೇಗಿಹೋಯಿತು. ನಾಳೆ ಪರೀಕ್ಷೆ ಇಟ್ಟುಕೊಂಡು ಇವತ್ತು ಮೌನವ್ರತವೇ ಎಂದು ಕೇಳಿಯೇಬಿಟ್ಟಳು. ಕೇಳುತ್ತ ಕೇಳುತ್ತ ಅಳು ಬಂತು. ಎಂಟು ವರ್ಷದಿಂದ ಅಕ್ಕನ ಮನೆಯಲ್ಲಿ ಉಣ್ಣುತ್ತಿದ್ದೇನೆ, ಭಾವ ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಅದೇ ನನಗೆ ಹೆಚ್ಚು ಚುಚ್ಚುತ್ತದೆ ಎಂದಳು. ಮೂರನೇ ಸಲವೂ ಸೋತು ಆ ಹೊಸ್ತಿಲು ಹೇಗೆ ತುಳಿಯಲಿ ಎಂದಳು.

ಪೆನ್ಸಿಲನ್ನು ಅಂಗಳಕ್ಕೆ ಎಸೆದಳು.

“ನನ್ನ ಕೈಲಾಗಲ್ಲ ಗುರುಗಳೇ. ನಾನು ಫೇಲೇ. ನನ್ನ ಕತೆ ಮುಗೀತು.”

ಅಡವೆಯ್ಯ ಮೊರ ಬದಿಗಿಟ್ಟು ಅಂಗಳಕ್ಕಿಳಿದರು. ಪೆನ್ಸಿಲ್ ಹುಡುಕಿ ತಂದು, ಪಂಚೆಯ ಅಂಚಿನಿಂದ ಮಣ್ಣು ಒರೆಸಿ ಅವಳ ಕೈಗೆ ಕೊಟ್ಟರು.

“ಬರಕೋ. ನಾನಿನ್ನೂ ಹೇಳಿ ಮುಗಿಸಿಲ್ಲ.”