ಸೋಸುಗಡಿಗೆಯ ಹೆಪ್ಪು

"ಕೇಳ್ರಪ್ಪೋ ಕೇಳ್ರಿ! ಅರಮನೆಯ ಮೀನುಕೊಳದ ಸೋಸುಗಡಿಗೆ ಬಿರುಕು ಬಿಟ್ಟಿದೆ. ಮೂರು ಒಗಟು ಬಿಡಿಸಿ, ಮೀನು ಸಾಯದ ಹಾಗೆ ಗಡಿಗೆ ಬದಲಿಸಿದವರಿಗೆ ಮಹಾರಾಜರು ಕೇಳಿದ್ದು ಕೊಡುತ್ತಾರೆ. ಮೀನು ಸತ್ತರೆ ತಲೆ ಹೋಗುತ್ತದೆ."

ಡಂಗುರದವನು ಕಂಚಿನಕೋಟೆಯ ಬೀದಿಬೀದಿ ಸುತ್ತಿ ಬೆಸ್ತರ ಕೇರಿಗೂ ಬಂದ. ದ್ಯಾವಣ್ಣನ ಮನೆ ಬಂದಾಗ ಮಾತ್ರ ತಮಟೆಯನ್ನು ಕಂಕುಳಿಗೆ ಸೇರಿಸಿಕೊಂಡು ಸರಸರ ದಾಟಿಬಿಟ್ಟ. ಮೂರು ತಿಂಗಳ ಹಿಂದೆ ಇದೇ ತಮಟೆ ಆ ಮನೆಯ ಹೊಸ್ತಿಲ ಮುಂದೆಯೇ ನಿಂತು ಬಡಿದಿತ್ತು: "ಮೀನಿಗೆ ವಿಷ ಹಾಕಿದ ಮುದ್ದಯ್ಯನ ತಲೆ ತೆಗೆಯಲಾಗಿದೆ. ಈ ಮನೆಯವರ ಜೊತೆ ಕೊಡೋದು ತಗೊಳ್ಳೋದು ಕೂಡದು."

ಮುದ್ದಯ್ಯ ದ್ಯಾವಣ್ಣನ ಅಣ್ಣ, ಕೊಳ ಕಾಯುವವನು. ಕೊಳದಲ್ಲಿದ್ದದ್ದು ತೀರಿಹೋದ ರಾಣಿ ತವರಿನಿಂದ ತಂದ ಕೆಂಪು ಮೀನು. ಕೊಳದ ಮೇಲೆ ಒಂದು ದೊಡ್ಡ ಗಡಿಗೆ, ತಳದಲ್ಲಿ ತೂತು, ಒಳಗೆ ಬೆಣಚುಕಲ್ಲು ಮತ್ತು ಒಣಗಿದ ಹೀರೆಕಾಯಿಯ ನಾರು. ಕೊಳದ ನೀರನ್ನೇ ಎತ್ತಿ ಅದಕ್ಕೆ ಹುಯ್ದರೆ ಸೋಸಿಕೊಂಡು ಕೆಳಗೆ ಇಳಿಯುತ್ತಿತ್ತು. ಮಗಳ ಹುಟ್ಟುಹಬ್ಬದ ಹಿಂದಿನ ದಿನ ರಾಜ ಇಣುಕಿ ನೋಡಿದ. ಕಲ್ಲಿಗೆಲ್ಲ ಕಂದು ಲೋಳೆ ಹಿಡಿದಿತ್ತು. ಬೂದಿ ಹಾಕಿ ತಿಕ್ಕಿ ಕುದಿನೀರಲ್ಲಿ ತೊಳೆ ಎಂದ. "ಬ್ಯಾಡಿ ಬುದ್ಧಿ" ಎಂದ ಮುದ್ದಯ್ಯ. ಅಪ್ಪಣೆ ಅಪ್ಪಣೆಯೇ. ತೊಳೆದ. ನಾಲ್ಕನೆಯ ದಿನಕ್ಕೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು, ಉಳಿದದ್ದು ಐದು. ತಪ್ಪು ಹೊರಿಸಲು ಒಂದು ತಲೆ ಬೇಕಾಗಿತ್ತು, ಸಿಕ್ಕಿತು. ಸಾಯುವ ಮುಂಚೆ ಮುದ್ದಯ್ಯ ರಾಜಕುಮಾರಿ ಕುಮುದಾವತಿಗೆ ಮೂರು ಒಗಟು ಹೇಳಿ, ಉತ್ತರ ಹೇಳದೆ ಹೋದ. ಈಗ ಅವಳು ಎಲ್ಲರಿಗೂ ಹಾಕುತ್ತಿದ್ದದ್ದು ಅವನ್ನೇ.

ಅರಮನೆಯ ಅಂಗಳದಲ್ಲಿ ಪರೀಕ್ಷೆಗೆಂದು ಕೆರೆಮೀನಿನ ತೊಟ್ಟಿಗಳನ್ನು ಇಟ್ಟಿದ್ದರು, ಒಂದೊಂದರ ಮೇಲೂ ಹಳೆಯ ಸಣ್ಣ ಗಡಿಗೆ. ಹೊನ್ನಗಿರಿಯ ರಾಜಕುಮಾರ ಮೊದಲು ಬಂದ.

"ತೊಳೆದರೆ ಮನೆ ಕೆಡುತ್ತದೆ, ಬಿಟ್ಟರೆ ಮನೆ ಶುದ್ಧವಾಗಿರುತ್ತದೆ. ಆ ಕೊಳೆ ಯಾವುದು?" ಎಂದಳು ಕುಮುದಾವತಿ.

"ಪಾಪ" ಎಂದ ಅವನು. ಹೊಸ ಗಡಿಗೆಗೆ ಹೊಸ ಕಲ್ಲು ತುಂಬಿ, ತೀರ್ಥ ಚಿಮುಕಿಸಿ ಕೂತ. ಆರನೆಯ ದಿನ ಮೀನು ಸತ್ತವು.

ಆಮೇಲೆ ಒಬ್ಬ ವೈದ್ಯ.

"ಸಂಬಳವಿಲ್ಲದ ಆಳುಗಳು, ಕಣ್ಣಿಗೆ ಕಾಣುವುದಿಲ್ಲ, ವಿಷವೇ ಅವರ ಊಟ. ಅವರು ಸತ್ತರೆ ಅಳುವವರಿಲ್ಲ, ಆದರೆ ಆಮೇಲೆ ಯಜಮಾನನೂ ಬದುಕುವುದಿಲ್ಲ. ಯಾರವರು?"

"ದೆವ್ವಗಳು" ಎಂದು ವೈದ್ಯ ಗಡಿಗೆಗೆ ಬೇವಿನ ಕಷಾಯ ಹುಯ್ದ. ಅವನ ಮೀನು ಮೂರು ದಿನವೂ ತಡೆಯಲಿಲ್ಲ. ಹೀಗೆ ಬಂದವರೆಲ್ಲ ಸೋತು, ಕೋಟೆ ಬಾಗಿಲಲ್ಲಿ ತಲೆಗಳು ಏಳಾದವು. ಊರಿನವರು ಆ ಬಾಗಿಲು ಬಿಟ್ಟು ಸುತ್ತುಬಳಸಿ ಓಡಾಡತೊಡಗಿದರು.

ದ್ಯಾವಣ್ಣನಿಗೆ ಯಾವ ಆಸೆಯೂ ಇರಲಿಲ್ಲ. ಅವನು ಹಿಡಿದ ಮೀನನ್ನು ಯಾರೂ ಕೊಳ್ಳುತ್ತಿರಲಿಲ್ಲ. ಮನೆಯಲ್ಲೊಂದು ಎಮ್ಮೆ ಇತ್ತು, ಹಾಲಿತ್ತು, ಮೊಸರಿರಲಿಲ್ಲ. ಸೂತಕ ಕಳೆಯುವ ದಿನ ಅತ್ತಿಗೆ ಸಣ್ಣವ್ವ ಪದ್ಧತಿಯಂತೆ ಮಡಕೆ ಕುಡಿಕೆಯನ್ನೆಲ್ಲ ತಿಕ್ಕಿ ತೊಳೆದು, ಹಳೆಯ ಮೊಸರನ್ನು ತಿಪ್ಪೆಗೆ ಚೆಲ್ಲಿದ್ದಳು. ಮಾರನೆಯ ದಿನ ಹೆಪ್ಪು ಕೇಳಲು ಹೋದರೆ ಪಕ್ಕದ ಮನೆಯ ಪುಟ್ಟೀರವ್ವ ಬಾಗಿಲು ಹಾಕಿಕೊಂಡಳು.

"ತೊಳ್ದು ತೊಳ್ದು ನಾನೇ ಹಾಳ್ಮಾಡ್ದೆ ಕಣಪ್ಪ" ಎಂದಳು ಸಣ್ಣವ್ವ, ಒಡೆದ ಹಾಲನ್ನು ಚೆಲ್ಲುತ್ತಾ. "ಹಳೇದು ಒಂದ್ ಚಮಚ ಉಳಿಸ್ಕೊಂಡಿದ್ರೆ ಸಾಕಾಗಿತ್ತು."

ದ್ಯಾವಣ್ಣ ಎದ್ದು ನಿಂತ. ಅಣ್ಣ ಕೊಳದ ಕಲ್ಲುಗಳನ್ನು ಯಾವಾಗಲೂ ಕೊಳದ ನೀರಲ್ಲೇ ಅದ್ದಿ ತೆಗೆಯುತ್ತಿದ್ದದ್ದು, ಎಂದೂ ತಿಕ್ಕದಿದ್ದದ್ದು ನೆನಪಾಯಿತು. ಅವನು ಅರಮನೆಗೆ ಹೊರಟದ್ದು ಗೆಲ್ಲುತ್ತೇನೆಂದಲ್ಲ. ಹೀಗೆ ಬದುಕುವುದಕ್ಕಿಂತ ತಲೆ ಹೋದರೂ ವಾಸಿ ಅನ್ನಿಸಿತು.

"ಹಳಬನನ್ನು ಕಳಿಸಬೇಕು, ಹೊಸಬನನ್ನು ಕರೆಯಬೇಕು, ಮನೆ ಒಂದು ಗಳಿಗೆಯೂ ಖಾಲಿ ಇರಬಾರದು. ಹೇಗೆ?" ಮೂರನೆಯ ಒಗಟು ಹೇಳುವಾಗ ಕುಮುದಾವತಿಯ ದನಿ ಸೋತಿತ್ತು.

"ನಲವತ್ತು ದಿನ ಕೊಡಿ ತಾಯಿ. ತೊಟ್ಟಿ ಬ್ಯಾಡ, ಕೊಳದಲ್ಲೇ ಮಾಡ್ತೀನಿ."

ಬಿರುಕಿಗೆ ಅರಗು ಮೆತ್ತಿದ. ಪಕ್ಕದಲ್ಲೇ ಹೊಸ ಗಡಿಗೆ ಕೂರಿಸಿ, ಹೊಸ ಕಲ್ಲು ತುಂಬಿ, ಹಳೆಯದರಿಂದ ಈಚೆಗೆ ಮತ್ತೆ ಲೋಳೆ ಹಿಡಿದಿದ್ದ ಕಲ್ಲು ಒಂದು ಬೊಗಸೆ ತೆಗೆದು, ತೊಳೆಯದೆ, ಒಣಗಲು ಬಿಡದೆ ಅದರೊಳಗಿಟ್ಟ. ಎರಡಕ್ಕೂ ನೀರು ಹುಯ್ಯುತ್ತಾ ಹೋದ. ಕಾವಲಿನವರು ಅವನ ಕಾಲಿಗೆ ಸರಪಳಿ ಹಾಕಿದ್ದರು. ಹದಿನೈದು ದಿನವಾದರೂ ಹೊಸ ಕಲ್ಲು ಬೆಳ್ಳಗೇ ಇತ್ತು. ಇಪ್ಪತ್ತನೆಯ ದಿನ ಒಂದು ಮೀನು ಮೇಲೆ ಬಂದು ಬಾಯಿ ಬಾಯಿ ಬಿಟ್ಟಿತು. ಮೊಸರಿನ ಕುಡಿಕೆ ನಂಬಿ ತಲೆ ಕೊಟ್ಟೆನಲ್ಲ ಎಂದು ದ್ಯಾವಣ್ಣ ಅತ್ತ. ಮೀನು ಸಾಯಲಿಲ್ಲ. ಮೂವತ್ತು ದಾಟಿದ ಮೇಲೆ ಹೊಸ ಕಲ್ಲು ಬೆರಳಿಗೆ ಜಾರಿತು. ನಲವತ್ತನೆಯ ದಿನ ಹಳೆಯ ಗಡಿಗೆ ತೆಗೆದ. ಮತ್ತೂ ಒಂದು ವಾರ ಕಾದರು. ಐದೂ ಮೀನು ಆಡಿಕೊಂಡಿದ್ದವು.

"ಈಗ ಬಿಡಿಸಿ ಹೇಳು" ಎಂದ ರಾಜ.

"ತೊಳೀಬಾರದ ಕೊಳೆ ಅಂದ್ರೆ ಕಲ್ಲಿನ ಮೇಲಿನ ಲೋಳೆ, ಬುದ್ಧಿ. ಕಾಣದ ಆಳುಗಳು ಅದ್ರಲ್ಲಿರೋ ಜೀವಗಳು. ಮೀನಿನ ಹೊಲಸು ಮೀನಿಗೇ ವಿಷ, ಅದ್ನ ಅವು ತಿಂತವೆ. ಕುದಿನೀರು ಬಿದ್ರೆ ಸಾಯ್ತವೆ. ಮೂರನೇದು ಹೆಪ್ಪು. ಹಳೇದು ಒಂದಿಷ್ಟನ್ನ ಹೊಸದಕ್ಕೆ ಹಾಕಿ, ಅದು ಹಿಡಿಯೋವರ್ಗೂ ಹಳೇದನ್ನ ತೆಗೀಬಾರ್ದು."

ಕುದಿನೀರು ಹುಯ್ಯಿಸಿದ್ದು ಯಾರೆಂದು ಸಭೆಗೆಲ್ಲ ಗೊತ್ತಿತ್ತು.

"ಅರ್ಧ ರಾಜ್ಯ ತಗೋ. ಮಗಳನ್ನೂ ಕೊಡುತ್ತೇನೆ" ಎಂದ ರಾಜ, ಅವನ ಮುಖ ನೋಡದೆ.

"ಬ್ಯಾಡಿ ಬುದ್ಧಿ. ಅದೇ ತಮಟೆ ಅದೇ ಬೀದಿಲಿ ಇನ್ನೊಂದ್ಸಲ ಬಡೀಲಿ, ಸಾಕು."

"ಬಡಿಸಿ ಅಪ್ಪಾಜಿ, ಮಾತು ಕೊಟ್ಟಿದ್ದೀರಿ" ಎಂದಳು ಕುಮುದಾವತಿ.

ಆ ಸಂಜೆ ಡಂಗುರದವನು ಮುದ್ದಯ್ಯನ ಹೊಸ್ತಿಲ ಮುಂದೆ ನಿಂತು ಸಾರಿದ: "ಮುದ್ದಯ್ಯ ವಿಷ ಹಾಕಲಿಲ್ಲ. ಬೇಡವೆಂದರೂ ತೊಳೆಸಿದವರು ಮಹಾರಾಜರು. ಕೊಂದವರೂ ಅವರೇ. ತಪ್ಪು ಅರಮನೆಯದು."

ತಮಟೆ ಕೇರಿ ದಾಟುವ ಮೊದಲೇ ಪುಟ್ಟೀರವ್ವ ಬಾಗಿಲಿಗೆ ಬಂದಳು, ಸೆರಗಿನ ಕೆಳಗೊಂದು ಬಟ್ಟಲು. "ತಗಳವ್ವ, ಹೆಪ್ಪು" ಎಂದಳು, ತಲೆ ತಗ್ಗಿಸಿ.

ಸಣ್ಣವ್ವ ಅದನ್ನು ಹಾಲಿಗೆ ಬೆರೆಸಿ ಮುಚ್ಚಿಟ್ಟಳು. ಬೆಳಿಗ್ಗೆ ಮೊಸರು ಗಟ್ಟಿಯಾಗಿ ಕೂತಿತ್ತು. ಅವಳು ತುಂಬ ಹೊತ್ತು ಅದನ್ನೇ ನೋಡಿದಳು.

"ಮೊಸರು ಬಂತು ಕಣಪ್ಪ" ಎಂದಳು. "ನಿಮ್ಮಣ್ಣಂಗೆ ಎಲ್ಲಿಂದ ಹೆಪ್ಪು ತರ್ಲಿ?"

ದ್ಯಾವಣ್ಣನಿಗೆ ಈ ಒಗಟು ಬಿಡಿಸಲಾಗಲಿಲ್ಲ. ಕೊಳದ ಮೀನು ಮರಿ ಹಾಕಿ ನೂರಾದವಂತೆ. ಇವರಿಬ್ಬರೂ ಸುಖವಾಗಿದ್ದರು ಎಂದು ಮಾತ್ರ ನಾನು ಹೇಳಲಾರೆ.